ಇಂಜಿನ್ನಿಗೆ ಬುತ್ತಿ ಕಟ್ಟುವ ಅಕ್ಕ

ನಮ್ಮ ಅಕ್ಕ ಹೇಳುವ ಕತೆಯನ್ನು ಕೊನೆತನಕ ಕೇಳಿದವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. ಬೇಕಾದರೆ ಪಣ ಕಟ್ಟಿ!

ಆಕೆ ಮಾತು ಕಡಿಮೆ ಆಡುವವಳು ಅಂತ ತಿಳಿಯಬೇಡಿ. ಬೆಳಿಗ್ಗೆ ಬಾಯಿ ತೆಗೆದರೆ ಊಟದ ಹೊತ್ತಿಗೇ ಮುಚ್ಚುವುದು, ಅದೂ ಊಟ ಒಳಗೆ ಹೋಗಬೇಕಲ್ಲ ಅಂತ. ತೊಂದರೆ ಬೇರೆಯೇ ಇದೆ. ನಡುವೆ ಯಾರಾದರೂ ತಡೆದರೆ ಆಕೆ ನಿಂತಲ್ಲಿಂದ ಮುಂದೆ ಹೋಗುವುದಿಲ್ಲ, ಮೊದಲಿಂದ ಶುರು ಮಾಡುತ್ತಾಳೆ. ನೀವು ಕೆಮ್ಮಿದರೂ ಮೊದಲಿಂದ. ಕುಕ್ಕರ್ ಕೂಗಿದರೂ ಮೊದಲಿಂದ. ಬಾಗಿಲಿಗೆ ಪಾರ್ಸಲ್ಲಿನವನು ಬಂದರಂತೂ, ಅವನನ್ನೂ ನಿಲ್ಲಿಸಿಕೊಂಡು ಮೊದಲಿಂದ!

ಅಕ್ಕ ಮದುವೆಯಾಗಲಿಲ್ಲ. ಸನತ್‌ನಗರದ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ ಮಾಡಿದಳು. ಅಪ್ಪ ಕಲಬುರಗಿ ಕಡೆಯಿಂದ ಈ ತೆಲುಗು ಸೀಮೆಗೆ ಬಂದು ಸೇರಿದ್ದೂ ಆ ಕಾರ್ಖಾನೆಯ ಓಣಿಗೇ. ಕಾರ್ಖಾನೆ ಮುಚ್ಚಿ ಯಾವುದೋ ಗೋಡೌನ್ ಆಯಿತು, ಅಪ್ಪ ಅವ್ವ ಹೋದರು, ಓಣಿಯ ಅರ್ಧ ಮಂದಿ ಹೋದರು. ಅಕ್ಕ ಮಾತ್ರ ಅಲ್ಲೇ, ಅದೇ ಎರಡು ಖೋಲಿಯ ಮನೆಯಲ್ಲಿ.

ಆಕೆಯ ಹತ್ತಿರ ಕತೆಗಳು ಬೇಕಾದಷ್ಟು. ಆದರೆ ಪಟ್ಟದ ಕತೆ ಒಂದೇ:

"ಅವತ್ತ ಶುಕ್ರವಾರ. ನಾ ಹಸರ ಸೀರಿ ಉಟ್ಟಿದ್ದೆ. ದಿಲ್ಲಿಯಿಂದ ದೊಡ್ಡ ಸಾಹೇಬರು ಕಾರ್ಖಾನಿ ನೋಡಾಕ ಬಂದ್ರು. ಸಾಲಿನಾಗ ಇಟ್ಟಿದ್ದ ರೇಡಿಯೋದಾಗ ಒಂದನ್ನ ಎತ್ತಿ..."

"ಹ್ಞೂ, ಅದು ನೀ ಮಾಡಿದ್ದು. ಗೊತ್ತೈತಿ ಬಿಡಕ್ಕ."

"ಅವತ್ತ ಶುಕ್ರವಾರ. ನಾ ಹಸರ ಸೀರಿ ಉಟ್ಟಿದ್ದೆ..."

ನೋಡಿದಿರಾ? ನಲವತ್ತು ವರ್ಷಕ್ಕೂ ಮೇಲಾಯಿತು, ಆ ಸಾಹೇಬರು ಆ ರೇಡಿಯೋ ಎತ್ತಿ ಹಿಡಿದುಕೊಂಡೇ ನಿಂತಿದ್ದಾರೆ ಪಾಪ! ಕೈ ಎಷ್ಟು ಸೋತಿರಬೇಕು!

ನಾನಿರುವುದು ಅದೇ ಊರಿನ ಇನ್ನೊಂದು ತುದಿಗೆ, ಗಚ್ಚಿಬೌಲಿಯಲ್ಲಿ, ಮಗಳ ಮನೆಯಲ್ಲಿ, ಹದಿನಾಲ್ಕನೇ ಅಂತಸ್ತಿನಲ್ಲಿ. ಅಕ್ಕ ದಿನಾ ಹನ್ನೊಂದಕ್ಕೆ ಸರಿಯಾಗಿ ಫೋನ್ ಮಾಡುತ್ತಾಳೆ. ನಾನು ಆ ಹೊತ್ತಿಗೆ ಮೊಮ್ಮಗಳನ್ನು ಬಾಲವಾಡಿಯಿಂದ ಕರೆತರಲು ಲಿಫ್ಟಿನಲ್ಲಿ ಇಳಿಯುತ್ತಿರುತ್ತೇನೆ. ಲಿಫ್ಟಿನಲ್ಲಿ ಫೋನು ಕಟ್ಟಾಗುತ್ತದೆ, ಮತ್ತೆ ಹತ್ತುತ್ತದೆ, ಮತ್ತೆ ಕಟ್ಟಾಗುತ್ತದೆ. ಕೆಳಗೆ ಮುಟ್ಟುವಷ್ಟರಲ್ಲಿ ಮೂರು ಶುಕ್ರವಾರ ಆಗಿಹೋಗಿರುತ್ತವೆ!

ಮೊಮ್ಮಗಳ ಮಾತು ಬಂತು, ಇರಲಿ, ಎರಡು ಮಾತು ಹೇಳಿಬಿಡುತ್ತೇನೆ. ಅವಳು ಹುಟ್ಟಿ ಐದು ವರ್ಷವಾಯಿತು. ಆ ಖುಷಿಗೆ ನಾನಿನ್ನೂ ನೆಲಕ್ಕೆ ಇಳಿದಿಲ್ಲ! ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಅವಳು ದಿನಾ ಪಾಠ ಹೇಳುತ್ತಾಳೆ. ತಪ್ಪಿದರೆ ಮೂಲೆಯಲ್ಲಿ ನಿಲ್ಲಿಸುತ್ತಾಳೆ. ನಿಲ್ಲುತ್ತೇನೆ. ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಉಂಡೆ ಕಟ್ಟುತ್ತಾಳೆ. ಅವಳ ಮೂಗು ನನ್ನದು. ಸಾಕು, ಇಲ್ಲದಿದ್ದರೆ ಅಕ್ಕನ ಕತೆ ಇಲ್ಲೂ ಅರ್ಧಕ್ಕೇ ನಿಲ್ಲುತ್ತದೆ.

ಈ ವಯಸ್ಸಿನಲ್ಲಿ ಅಕ್ಕನಿಗೆ ಅಂಟಿದ್ದು ಆಟಿಕೆ ರೈಲಿನ ಹುಚ್ಚು. ಆಟಿಕೆ ಅಂದರೆ ಆಕೆಗೆ ಸಿಟ್ಟು ಬರುತ್ತದೆ. ನಿಜವಾದ ಇಂಜಿನ್ನನ್ನೇ ಬದನೆಕಾಯಿಯಷ್ಟು ಮಾಡಿ ಇಟ್ಟಂತೆ ಇರುತ್ತವೆ. ಹಳಿಯಿಂದ ಕರೆಂಟು ಕುಡಿದು ಓಡುತ್ತವೆ. ಒಳಗೆ ಸೌಂಡ್ ಡಿಕೋಡರ್ ಅಂತ ಉಗುರಿನಷ್ಟು ಹಸಿರು ಹಲಗೆ. ಇಂಜಿನ್ನಿನ ಗಂಟಲು ಅನ್ನಿ. ಮೊದಲು ಗುರ್ರ್ ಅಂತ ಏಳುತ್ತದೆ, ಆಮೇಲೆ ಕೆಮ್ಮುತ್ತದೆ, ಆಮೇಲೆ ಹಾರ್ನ್ ಹೊಡೆಯುತ್ತದೆ, ಆಮೇಲೆ ಹೊರಡುತ್ತದೆ.

ಇದನ್ನು ಅಕ್ಕನಿಗೆ ಹಚ್ಚಿದವನು ಮೈಸೂರು ಕಡೆಯ ಒಬ್ಬ ಇಂಜಿನಿಯರ್. ಚಿಕ್ಕ ಬೆಸುಗೆಗೆ ಕೈ ನಡುಗದವರು ಯಾರಿದ್ದಾರೆ ಅಂತ ಸನತ್‌ನಗರವೆಲ್ಲ ಹುಡುಕಿ ಕೊನೆಗೆ ನಮ್ಮಕ್ಕನ ಬಾಗಿಲಿಗೆ ಬಂದ.

"ಅಮ್ಮಾ, ಹಳಿ ಮೇಲೆ ಧೂಳಿದ್ರೆ, ಹಳಿ ಕವಲಾಗೋ ಜಾಗ ಬಂದ್ರೆ, ಒಂದು ಕ್ಷಣ ಕರೆಂಟು ತಪ್ಪುತ್ತೆ. ಸೌಂಡು ಬಂದ್ ಆಗಿ ಮತ್ತೆ ಮೊದಲಿಂದ ಶುರುವಾಗುತ್ತೆ. ಅದಕ್ಕೆ ಇದು ಬ್ಯಾಕಪ್ ಪವರ್ ಮಾಡ್ಯೂಲ್. ಎರಡು ಮೂರು ಸೆಕೆಂಡ್ ಕರೆಂಟು ಹಿಡಿದಿಟ್ಟುಕೊಳ್ಳುತ್ತೆ. ಇದನ್ನ ಡಿಕೋಡರಿಗೆ ಸೇರಿಸಿಕೊಡಬೇಕು."

ಹುಣಸೆಬೀಜದಂಥ ಮೂರು ಡಬ್ಬಿ, ಅದಕ್ಕೆ ಎರಡು ವೈರು. ಅಕ್ಕ ಅಂಗೈಮೇಲೆ ಇಟ್ಟುಕೊಂಡು ನೋಡಿದಳು.

"ಅದಕ್ಯಾಕ ಅಷ್ಟು ಉದ್ದನ ಹೆಸರ್ರೀ? ಹಾದ್ಯಾಗ ಹಸಿವಾದ್ರ ಇರಲಿ ಅಂತ ಕಟ್ಟಿ ಕೊಡೂದು. ಬುತ್ತಿ ಅನ್ರಿ!"

ಈಗ ಗಚ್ಚಿಬೌಲಿಯ ದೊಡ್ಡ ದೊಡ್ಡ ಆಫೀಸಿನವರು ಕಾರಿನಲ್ಲಿ ಬಂದು, "ಅಮ್ಮಾ, ಈ ಇಂಜಿನ್ನಿಗೊಂದು ಬುತ್ತಿ ಕಟ್ಟಿ ಕೊಡಿ" ಅನ್ನುತ್ತಾರೆ. ಸುಳ್ಳಲ್ಲ!

ಬುತ್ತಿ ಏನೋ ಸರಿ, ಅದನ್ನು ಇಡುವುದೆಲ್ಲಿ? ಇಂಜಿನ್ನಿನ ಹೊಟ್ಟೆಯಲ್ಲಿ ಸಾಸಿವೆಗೂ ಜಾಗವಿಲ್ಲ. ಒಂದು ಸಲ ನಾನು ಹೋದಾಗ ಅಕ್ಕ ಡ್ರೈವರನ ಖೋಲಿಯ ಮುಚ್ಚಳ ತೆಗೆದು, ಅದರೊಳಗೆ ಕುಂತಿದ್ದ ಪ್ಲಾಸ್ಟಿಕ್ ಡ್ರೈವರನನ್ನು ಚಿಮಟಿಗೆಯಿಂದ ಎಳೆದು, ಟೊಂಕದ ಕೆಳಗೆ ಕಚಕ್ಕನೆ ಕತ್ತರಿಸಿದಳು!

"ಅಯ್ಯೋ ಶಿವನ! ಏನ ಮಾಡಿದ್ಯಕ್ಕ?"

"ಕುಂತು ತಿನ್ನಾವಗ ಕಾಲು ಯಾಕ ಬೇಕು? ಆ ಜಾಗದಾಗ ಬುತ್ತಿ ಇಡತೀನಿ."

ಅರ್ಧ ಮೈಯ ಡ್ರೈವರನನ್ನು ಬುತ್ತಿಯ ಮೇಲೆ ಕೂರಿಸಿ ಅಂಟು ಹಚ್ಚಿದಳು. ಇಂಜಿನ್ ಓಡಿತು. ಸದ್ದು ಎಲ್ಲೂ ತಪ್ಪಲಿಲ್ಲ. ಆಕೆ ಅದನ್ನು ಹಳಿಯಿಂದ ಎತ್ತಿ ನನ್ನ ಕೈಗೆ ಕೊಟ್ಟಳು. ಕರೆಂಟಿಲ್ಲ, ಹಳಿಯಿಲ್ಲ, ಆದರೂ ಅದು ನನ್ನ ಅಂಗೈಯಲ್ಲಿ ಗುರುಗುಟ್ಟುತ್ತ ಭೋಂ ಅಂದಿತು ನೋಡಿ, ನಾನು ದೆವ್ವ ಅಂತ ಕಿರುಚಿ ಅಕ್ಕಿ ಡಬ್ಬಿಯೊಳಗೆ ಒಗೆದೆ! ಆ ಇಂಜಿನಿಯರ್ ಇವತ್ತಿಗೂ ತನ್ನ ಇಂಜಿನ್ನಿನ ಗಾಲಿಯಲ್ಲಿ ಸೋನಾಮಸೂರಿ ಎಲ್ಲಿಂದ ಬಂತು ಅಂತ ಯೋಚಿಸುತ್ತಿರಬೇಕು.

ಒಂದು ವಿಷಯ ಮಾತ್ರ ನನಗೆ ತಡವಾಗಿ ತಿಳಿಯಿತು. ಅಕ್ಕನಿಗೆ ಬುತ್ತಿ ಕಟ್ಟುವುದು ಅರ್ಧ ದಿನದ ಕೆಲಸ. ಆದರೆ ಇಂಜಿನ್ನು ಆಕೆಯ ಮನೆಯಲ್ಲಿ ವಾರಗಟ್ಟಲೆ ಇರುತ್ತದೆ. ಮಾಲೀಕರು ಫೋನ್ ಮಾಡಿ "ಆಯ್ತಾ ಅಮ್ಮಾ?" ಅಂದರೆ, "ಇನ್ನ ಟೆಸ್ಟಿಂಗ್ ನಡದೈತ್ರೀ" ಅನ್ನುತ್ತಾಳೆ. ಟೆಸ್ಟಿಂಗ್ ಅಂದರೆ ಏನು? ಇವಳು ಒಬ್ಬಳೇ ರೊಟ್ಟಿ ಬಡಿಯುತ್ತಿರುತ್ತಾಳೆ, ನೆಲದ ಮೇಲೆ ಅದು ಗುರುಗುಟ್ಟುತ್ತ ಸುತ್ತುತ್ತಿರುತ್ತದೆ. "ಮನ್ಯಾಗ ಒಂದು ದನಿ ಇದ್ರ ರೊಟ್ಟಿ ಉಬ್ಬತಾವ" ಅಂದಳು ಒಂದಿನ. ನಾನು ನಕ್ಕೆ. ನಗಬಾರದಿತ್ತು.

ಹೋದ ತಿಂಗಳು ಆ ಇಂಜಿನಿಯರ್ ತನ್ನದೊಂದು ಹಳೇ ಕೆಂಪು ಡೀಸೆಲ್ ಇಂಜಿನ್ನನ್ನು, ಒಂದು ಡಬ್ಬಿ ಹಳಿಯನ್ನು ಅಕ್ಕನಿಗೇ ಕೊಟ್ಟುಬಿಟ್ಟ. ಹುಟ್ಟಿದಾಗಿನಿಂದ ಆಕೆಗೆ ಅಂತ ಬಂದ ಮೊದಲ ಇಂಜಿನ್ನು. ಆಕೆ ಏನು ಮಾಡಿದಳು ಹೇಳಿ? ಕೈಚೀಲದಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ನನ್ನ ಮೊಮ್ಮಗಳಿಗೆ ತಂದುಕೊಟ್ಟಳು!

ನಮ್ಮ ಹಾಲ್‌ನಲ್ಲಿ ಸೋಫಾ ಸುತ್ತಿ ಹಳಿ ಹಾಸಿದೆವು. ಇಂಜಿನ್ನು ಎದ್ದಿತು, ಕೆಮ್ಮಿತು, ಹಾರ್ನ್ ಹೊಡೆಯಿತು, ಹೊರಟಿತು. ಟಿವಿಯ ಹತ್ತಿರ ಹಳಿ ಕವಲಾಗುವ ಜಾಗಕ್ಕೆ ಬಂತು, ಟಪ್ ಅಂತ ಸದ್ದು ನಿಂತಿತು. ಮರುಕ್ಷಣ ಗುರ್ರ್, ಕೆಮ್ಮು, ಹಾರ್ನ್. ಇನ್ನೊಂದು ಸುತ್ತು. ಅದೇ ಜಾಗ. ಟಪ್. ಗುರ್ರ್, ಕೆಮ್ಮು, ಹಾರ್ನ್.

ಮೊಮ್ಮಗಳು ಕುಣಿದಾಡಿ ನಕ್ಕಳು. "ಅಜ್ಜೀ, ಮಳ್ಳೀ ಆಗಿಪೋಯಿಂದಿ! ಮತ್ತ ನಿಂತಹೋತು! ಇದು ದೊಡ್ಡಜ್ಜಿಯಂಗನ ಮಾಡತೈತಿ!"

ಮಗಳು ನಕ್ಕಳು. ನಾನೂ ನಕ್ಕೆ, ಏಕೆಂದರೆ ಹದಿನಾರಾಣೆ ಖರೇ ಮಾತು. ಮೂಗು ಅಷ್ಟೇ ಅಲ್ಲ, ನಾಲಿಗೆಯೂ ನನ್ನದೇ ಬಂದಿದೆ ಅಂದುಕೊಂಡೆ!

ಅಕ್ಕನೂ ನಕ್ಕಳು. ಆಮೇಲೆ ಚೀಲ ಮಡಿಚಿ ಕಂಕುಳಲ್ಲಿಟ್ಟುಕೊಂಡು, "ಇದಕ್ಕ ಬುತ್ತಿ ಕಟ್ಟಿಲ್ಲ ನಾ. ತರತೀನಿ" ಅಂದು ಹೊರಟಳು.

ಮರುದಿನ ಹನ್ನೊಂದಕ್ಕೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಮಾಡಿದರೆ, "ಆರಾಮ ಅದೀನಿ. ಕೆಲಸ ಐತಿ. ಇಡತೀನಿ." ಮೂರೇ ಮಾತು. ಶುಕ್ರವಾರ ಇಲ್ಲ, ಹಸಿರು ಸೀರೆ ಇಲ್ಲ. ಒಂದು ವಾರ ನಾನು ಲಿಫ್ಟಿನಲ್ಲಿ ಸುಮ್ಮನೆ ಇಳಿದೆ. ಹದಿನಾಲ್ಕು ಅಂತಸ್ತು ಅಂದರೆ ಎಷ್ಟು ದೂರ ಅಂತ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಈ ಕಟ್ಟಡದಲ್ಲಿ ಮುನ್ನೂರು ಮನೆ. ಲಿಫ್ಟಿನಲ್ಲಿ ಎಲ್ಲರೂ ನಂಬರ್ ನೋಡಿಕೊಂಡು ನಿಂತಿರುತ್ತಾರೆ. ನನ್ನನ್ನು "ಊಟ ಆತೇನು" ಅಂತ ಕೇಳುವವಳು ಒಬ್ಬಳೇ ಇದ್ದಳು, ಆಕೆಯನ್ನೂ ನಕ್ಕು ಕಳಿಸಿದ್ದೆ.

ಸೋಮವಾರ ಬಾಗಿಲು ಬಡಿದ ಸದ್ದು. ಅಕ್ಕ! ಒಂದು ಕೈಯಲ್ಲಿ ಬೆಸುಗೆಯ ಸಾಮಾನು, ಇನ್ನೊಂದು ಕೈಯಲ್ಲಿ ನಮಗೆಲ್ಲ ಸಜ್ಜಿರೊಟ್ಟಿಯ ಬುತ್ತಿ. ನನ್ನ ಜೊತೆ ಮಾತಿಲ್ಲ. ನೆಲದ ಮೇಲೆ ಕುಂತು ಕೆಂಪು ಇಂಜಿನ್ನು ಬಿಚ್ಚಿದಳು. ರಾಳ ಸುಟ್ಟ ವಾಸನೆ ಲೋಬಾನ ಹಾಕಿದಂತೆ ಮನೆಯೆಲ್ಲ ತುಂಬಿತು. ಒಂದು ವೈರು ಇಲ್ಲಿ, ಒಂದು ವೈರು ಅಲ್ಲಿ, ಡ್ರೈವರನ ಕಾಲು ಕಸದ ಬುಟ್ಟಿಗೆ. ನಾನು ಚಹಾಕ್ಕೆ ಹಾಲಿಡಲು ಒಳಗೆ ಹೋದೆ. ನಮ್ಮ ಅಡುಗೆಮನೆಗೆ ಗೋಡೆ ಇಲ್ಲ, ಎಲ್ಲ ಕಾಣುತ್ತದೆ.

ಇಂಜಿನ್ನು ಹೊರಟಿತು. ಟಿವಿಯ ಹತ್ತಿರ ಬಂತು. ಕವಲು ದಾಟಿತು. ಸದ್ದು ನಿಲ್ಲಲಿಲ್ಲ! ಮೊಮ್ಮಗಳು ಬಾಯಿ ತೆರೆದು ಕುಂತಳು. ಅಕ್ಕ ಗಾಲಿಯನ್ನೇ ನೋಡುತ್ತ, ಯಾರಿಗೂ ಅಲ್ಲ ಅನ್ನುವಂತೆ ಮೆಲ್ಲಗೆ ಶುರು ಮಾಡಿದಳು.

"ಅವತ್ತ ಶುಕ್ರವಾರ. ನಾ ಹಸರ ಸೀರಿ ಉಟ್ಟಿದ್ದೆ. ದಿಲ್ಲಿಯಿಂದ ದೊಡ್ಡ ಸಾಹೇಬರು ಬಂದ್ರು. ಸಾಲಿನಾಗ ಇಟ್ಟಿದ್ದ ರೇಡಿಯೋದಾಗ ಒಂದನ್ನ ಎತ್ತಿ..."

"ಆಮ್ಯಾಲೆ?" ಅಂದಳು ಮೊಮ್ಮಗಳು.

ತಡೆದಳಲ್ಲ ಹುಡುಗಿ! ಮುಗೀತು, ಮತ್ತೆ ಶುಕ್ರವಾರ!

"...ಎತ್ತಿ ಹಿಂದಿನ ಮುಚ್ಚಳ ಬಿಚ್ಚಿದ್ರು. ಒಳಗಿನ ಬೆಸುಗಿ ನೋಡಿದ್ರು. ಇದು ಯಾರ ಕೈದು ಅಂದ್ರು. ನಾ ಎದ್ದು ನಿಂತೆ."

ದಾಟಿದಳು! ನಮ್ಮಕ್ಕ ಕವಲು ದಾಟಿದಳು! ಇಷ್ಟು ವರ್ಷ ನಾವೆಲ್ಲ "ಗೊತ್ತೈತಿ ಬಿಡು" ಅಂದವರು. "ಆಮ್ಯಾಲೆ" ಅಂದವರು ಒಬ್ಬರೂ ಇರಲಿಲ್ಲ.

ಪಾತ್ರೆಯಲ್ಲಿ ಹಾಲು ಏರತೊಡಗಿತು. ಒಲೆ ಆರಿಸಿದರೂ ಟಕ್ ಅಂತ ಸದ್ದು, ಪಾತ್ರೆ ಸರಿಸಿದರೂ ಸದ್ದು. ನಾನು ಕೈಕಟ್ಟಿ ನಿಂತೆ.

"ಆಮ್ಯಾಲೆ, ದೊಡ್ಡಜ್ಜಿ?"

"ಇಂಥಾ ಚಂದನ ಕೈ ನಾ ನೋಡಿಲ್ಲ ಬೇಟಿ ಅಂದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಒಂದು ಡಬ್ಬಿ ಮಿಠಾಯಿ ಕೊಟ್ರು. ನಿಮ್ಮ ಅಜ್ಜಿಗೆ ಹೇಳಬೇಕಂತ ನಾ ಮನಿತನಕ ಓಡಿಕೊಂತ ಬಂದೆ."

"ಆಮ್ಯಾಲೆ?"

"ಮನ್ಯಾಗ ಯಾರೂ ಇರಲಿಲ್ಲ. ಖುಷಿಯಾಗ ಮರತಿದ್ದೆ, ನಿಮ್ಮ ಅಜ್ಜಿ ಹಿಂದಿನ ದಿನ ಅಷ್ಟ ಲಗ್ನ ಆಗಿ ಗಂಡನ ಮನಿಗೆ ಹೋಗಿದ್ಲು. ಅವ್ವ ಅಪ್ಪ ಬಿಟ್ಟು ಬರಾಕ ಹೋಗಿದ್ರು. ನಾ ಕುಂತು ಮಿಠಾಯಿ ಎಲ್ಲಾ ಒಬ್ಬಾಕೀನ ತಿಂದೆ. ಅಷ್ಟ ಕತಿ."

ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. "ಏನೋ ಹೊತ್ತಿದ ವಾಸನಿ ಬರಾಕತ್ತೈತಲ್ಲ" ಅಂದಳು ಅಕ್ಕ. "ಏನಿಲ್ಲ" ಅಂದೆ. ಒಲೆ ಆರಿಸಿ ಹಾಲು ಒರೆಸತೊಡಗಿದೆ.

ಮರುದಿನ ಹನ್ನೊಂದಕ್ಕೆ ಫೋನು ಬಂತು! ಮೊಮ್ಮಗಳನ್ನು ಕರೆತರಲು ಮಗಳನ್ನೇ ಅಟ್ಟಿದೆ. ಸಿಗ್ನಲ್ ಪೂರಾ ಬರುವ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕುಂತೆ. ಅಕ್ಕ ಶುಕ್ರವಾರದಿಂದ ಶುರು ಮಾಡಿದಳು. ಅಲ್ಲಲ್ಲಿ "ಆಮ್ಯಾಲೆ?" ಅಂದೆ, ಎಲ್ಲೂ ತಪ್ಪದೆ ಮಿಠಾಯಿ ಡಬ್ಬಿತನಕ ಬಂದಳು. ನಲವತ್ತು ವರ್ಷ ಮುಗಿಯದ ಕತೆ ಐದೇ ನಿಮಿಷಕ್ಕೆ ಮುಗಿದುಹೋಯಿತು.

"ಅಷ್ಟ ಕತಿ," ಅಂದಳು. "ಇಡಲೇನು?"

ಆ ಕಡೆ ಆಕೆಯ ಮನೆಯಲ್ಲಿ ಯಾವ ಇಂಜಿನ್ನಿನ ಸದ್ದೂ ಇರಲಿಲ್ಲ.

"ಹಲೋ? ಹಲೋ?" ಅಂದೆ. "ಅಕ್ಕ, ಕಟ್ಟಾಗಿತ್ತು ನೋಡು. ಏನೂ ಕೇಳಲಿಲ್ಲ. ಮೊದಲಿಂದ ಹೇಳು."

"ಸುಳ್ಳಿ," ಅಂದಳು. ಆಮೇಲೆ ಗಂಟಲು ಸರಿ ಮಾಡಿಕೊಂಡಳು. "ಅವತ್ತ ಶುಕ್ರವಾರ..."