ನನ್ನ ಸವತಿಯ ಗೋತ್ರ

ಎಂಬತ್ತರ ದಶಕದಲ್ಲಿ, ನಾವು ಅಮೆರಿಕದಲ್ಲಿ ಸಂಸಾರ ಹೂಡಿದ್ದಾಗ, ನನಗೊಬ್ಬ ಸವತಿ ಇದ್ದ. ನಗಬೇಡಿ! ಮುರಿದ ಮೂಗಿನ, ಎತ್ತಿನ ಹೆಗಲಿನ ಗಂಡಸು; ಇಪ್ಪತ್ತನೇ ಶತಮಾನ ಹುಟ್ಟಿದ ಹೊಸದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋವನ್ನೇ ಕುಣಿಸಿದ ಬಾಕ್ಸಿಂಗ್ ಚಾಂಪಿಯನ್. ಸತ್ತು ಎಷ್ಟೋ ಕಾಲವಾಗಿತ್ತು. ಬದುಕಿದ್ದರೆ ಜಗಳವಾದರೂ ಆಡಬಹುದಿತ್ತು!

ನಮ್ಮ ಯಜಮಾನರಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ. ಇರುವೆ ಕಂಡರೂ ದಾರಿ ಬಿಡುವ ಮನುಷ್ಯ. ಅವರಿಗೆ ಈ ಗುದ್ದಾಟದ ಹುಚ್ಚು ಹೇಗೆ ಹತ್ತಿತೋ ದೇವರೇ ಬಲ್ಲ! ಲಾಸ್ ಆಲ್ಟೋಸಿನಲ್ಲಿ ಯಾರ ಮನೆ ಸತ್ಯನಾರಾಯಣ ಪೂಜೆಗೆ ಹೋದರೂ ವ್ರತದ ಕಥೆ ಮುಗಿಯುತ್ತಲೇ ಇವರ ಕಥೆ ಶುರು. ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು ಜೂಜುಕಟ್ಟೆಯ ರೌಡಿಗಳ ಕಣ್ಣಿಗೆ ಬಿದ್ದದ್ದು, ಅವರ ಬಲದಿಂದಲೇ ಚಾಂಪಿಯನ್ ಆದದ್ದು, ಕೊನೆಗೆ ಅವರೇ “ಈ ಸಲ ಸೋಲು” ಎಂದಾಗ ಕೇಳದೆ ಗೆದ್ದು, ಎರಡೂ ಕೈ ಮುರಿಸಿಕೊಂಡು ಮೂಲೆ ಸೇರಿದ್ದು. ಪ್ರಸಾದ ಆರಿಹೋದರೂ ಯಜಮಾನರ ಮುಷ್ಟಿ ಕೆಳಗಿಳಿಯುತ್ತಿರಲಿಲ್ಲ. ನನ್ನ ಬಗ್ಗೆ ಎಂದಾದರೂ ನಾಲ್ಕು ಜನರೆದುರು ಒಂದು ಒಳ್ಳೆ ಮಾತು? ಊಹೂಂ!

ಒಮ್ಮೆ ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಬಿಳಿ ಗುಲಾಬಿ ಹಿಡಿದು ಬಂದರು. ನಾನು ಹಿಗ್ಗಿ ಹೀರೇಕಾಯಾಗಿ, ಮೈಸೂರು ಸಿಲ್ಕ್ ಉಟ್ಟು ಕಾರು ಹತ್ತಿದೆ. ಕಾರು ನಿಂತದ್ದು ಸ್ಮಶಾನದಲ್ಲಿ! ಹೂವು ಹೋದದ್ದು ಅವನ ಸಮಾಧಿಗೆ!

“ಅವನು ಟೈಟಲ್ಲು ಗೆದ್ದಿದ್ದು ಇವತ್ತೇ ಕಣೇ,” ಎಂದರು.

“ನೀವು ನನ್ನನ್ನ ಕಟ್ಕೊಂಡಿದ್ದೂ ಇವತ್ತೇ ಕಣ್ರೀ!”

ನನ್ನ ಹೊಟ್ಟೆಯ ಉರಿಯಲ್ಲಿ ಅವತ್ತು ಒಬ್ಬಟ್ಟು ಬೇಯಿಸಬಹುದಿತ್ತು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಯಜಮಾನರು ಅಪಾರ್ಟ್‌ಮೆಂಟಿನಲ್ಲೇ ತರ್ಪಣಕ್ಕೆ ಕೂತರು. ಅಪ್ಪ, ತಾತ, ಮುತ್ತಾತ, ಅಮ್ಮನ ಕಡೆಯವರು, ಎಲ್ಲರಿಗೂ ಎಳ್ಳುನೀರು ಬಿಟ್ಟಾಯಿತು. ಆಮೇಲೆ ಮಂತ್ರದ ನಡುವೆ ಇಂಗ್ಲಿಷ್ ಹೆಸರೊಂದು ಕೇಳಿಸಿತು. ನನ್ನ ಸವತಿಯದೇ! ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದೆ.

“ಏನ್ರೀ ಇದು? ಅವನಿಗೆ ಗೋತ್ರ ಬೇರೆ ಇದ್ಯಾ?”

“ಗೋತ್ರ ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ ಗೋತ್ರ.”

“ಅದು ನಮ್ಮಪ್ಪನ ಗೋತ್ರ! ಆ ರೌಡಿ ನನಗೆ ಅಣ್ಣ ಆಗ್ಬೇಕಾ?”

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕೈಯಲ್ಲಿದ್ದ ದರ್ಭೆ ನೋಡುತ್ತ ಕೂತರು.

“ಅವನಿಗೆ ಮಕ್ಕಳಿರಲಿಲ್ಲ ಕಣೇ. ನೀರು ಬಿಡೋಕೆ ಯಾರೂ ಇಲ್ಲ. ನಾಳೆ ನಮಗೂ ಅಷ್ಟೇ ಅಲ್ವಾ?”

ಡಾಕ್ಟರುಗಳ ಹತ್ತಿರ ಅಲೆದ ವರ್ಷಗಳಲ್ಲೂ ಅವರು ಈ ಮಾತು ಆಡಿದವರಲ್ಲ. ಆ ಸಂಕಟ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವರ ಮೇಲೂ ಆ ಸತ್ತವನ ಮೇಲೂ ಉರಿದುಬೀಳುತ್ತಿದ್ದೆ.

ಸೌಟು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತೆ.

“ಸರಿಯಾಗಿ ಬಿಡಿ, ನಾನು ಮಧ್ಯೆ ಬಾಯಿ ಹಾಕ್ಬಿಟ್ಟೆ,” ಎಂದೆ. “ನಮ್ಮಣ್ಣನಿಗೆ ಇನ್ನೊಂದ್ಸಲ ಬಿಡಿ.”