ನಮ್ಮನೆಯವಳ ಕಂಪನಿ, ನನ್ನ ಹೊಟ್ಟೆಯುರಿ

ಇನ್ನು ಹೊಟ್ಟೆಕಿಚ್ಚು ಪಡುವುದಿಲ್ಲ ಅಂತ ಪ್ರತಿ ಯುಗಾದಿಗೂ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ನಿಶ್ಚಯ ಮಾಡುತ್ತೇನೆ. ಬೆಲ್ಲ ಕರಗುವಷ್ಟರಲ್ಲಿ ನಾವಿರುವ ನ್ಯೂಜೆರ್ಸಿಯಲ್ಲಿ ಯಾರಿಗೋ ಏನೋ ಒಳ್ಳೆಯದಾಗಿಬಿಡುತ್ತದೆ.

ಐಟಿ ಉಬ್ಬರದ ಆ ಕಾಲದಲ್ಲಿ ನಮ್ಮವರೆಲ್ಲ ಬೇಸ್‌ಮೆಂಟಿನಲ್ಲಿ ಒಂದೊಂದು ಕಂಪನಿ ತೆರೆದಿದ್ದರು. ನಾನೂ ತೆರೆದೆ. ಸರ್ಕಾರದ ಕೆಲಸ ಹಿಡಿದ ದೊಡ್ಡ ಕಂಪನಿಗಳು ಅದರಲ್ಲೊಂದು ಪಾಲನ್ನು ಅಲ್ಪಸಂಖ್ಯಾತರ, ಹೆಂಗಸರ, ಮಾಜಿ ಸೈನಿಕರ ಸಣ್ಣ ಕಂಪನಿಗಳಿಗೆ ಕೊಡಲು ಪ್ರಯತ್ನಪಡಬೇಕು ಅನ್ನುವುದು ನಿಯಮ. ಅಮೆರಿಕದಲ್ಲಿ ನಾವೂ ಅಲ್ಪಸಂಖ್ಯಾತರೇ ತಾನೆ, ಅಂಥದೊಂದು ಸಬ್‌ಕಾಂಟ್ರಾಕ್ಟ್ ಸಿಕ್ಕರೆ ಸಾಕು ಅಂತ ನಾನು ಕಾದು ಕೂತಿದ್ದೆ.

ಫೋಟೋ

ಪ್ರಿನ್ಸ್‌ಟನ್ನಿನ ಹೋಟೆಲಿಗೆ ದೊಡ್ಡ ಕಂಪನಿಯೊಂದು ನಮ್ಮಂಥವರನ್ನು ಊಟಕ್ಕೆ ಕರೆದಿತ್ತು. ನಾನು ಹೊಸ ಸೂಟು ಹಾಕಿಕೊಂಡು ಹೋದೆ. ಪಕ್ಕದ ಬೀದಿಯ ಧಾರವಾಡದ ಗೆಳೆಯ ಹಳೇ ಸ್ವೆಟರಿನಲ್ಲೇ ಹೆಂಡತಿಯ ಹಿಂದೆ ಬಂದಿದ್ದ. ಕಂಪನಿಯ ಮೇಡಂ ನನ್ನ ಕೈ ಕುಲುಕಿ ಫೋಟೋ ತೆಗೆಸಿಕೊಂಡರು. ಕೆಲವು ತಿಂಗಳ ನಂತರ ಅವರ ಪುಸ್ತಿಕೆ ಬಂತು. ಮುಖಪುಟದಲ್ಲಿ ನನ್ನ ಮುಖ, ಕೆಳಗೆ ‘ನಮ್ಮ ಅಮೂಲ್ಯ ಪಾಲುದಾರರು’. ಒಳಗೆ ನೋಡಿದರೆ ಕೆಲಸ ಹೋಗಿದ್ದು ಧಾರವಾಡದವನಿಗೆ!

ಫೋನ್ ಮಾಡಿ, “ಫೋಟೋಗೆ ನಾನು, ಕೆಲಸಕ್ಕೆ ಅವನಾ?” ಅಂದೆ.

“ಆ ಸೂಟು ನಿಮಗೆ ಬಹಳ ಚೆನ್ನಾಗಿ ಒಪ್ಪಿತ್ತು” ಅಂದರು ಮೇಡಂ.

ಸೈನಿಕ

ಅಲ್ಪಸಂಖ್ಯಾತ ಆಗಿದ್ದು ಸಾಲದು ಅನ್ನಿಸಿತು. ಮಾಜಿ ಸೈನಿಕರ ಕಚೇರಿಗೆ ಫೋನ್ ಮಾಡಿದೆ.

“ನಮ್ಮ ತಂದೆ ಸೈನ್ಯದಲ್ಲಿದ್ದರು.”

“ಯಾವ ಸೈನ್ಯ?”

“ಭಾರತದ್ದು.”

“ನೀವೇ ಇರಬೇಕಿತ್ತು. ಅದೂ ನಮ್ಮ ಸೈನ್ಯದಲ್ಲಿ.”

ನಾನು ಸೋಲಲಿಲ್ಲ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದೆ ಅಂದೆ. ಅದೇನು ಅಂತ ಅಧಿಕಾರಿ ಆಸಕ್ತಿಯಿಂದಲೇ ಕೇಳಿದ. ಭಾನುವಾರ ಪರೇಡು, ಕ್ಯಾಂಪು, ರೈಫಲ್ಲು, ಎಲ್ಲ ವಿವರಿಸಿದೆ.

“ಯಾವುದಾದರೂ ಯುದ್ಧ ನೋಡಿದ್ದೀರಾ?”

“ಪರೇಡ್ ಮುಗಿದ ಮೇಲೆ ಪೂರಿ ಹಂಚುವಾಗ ನೋಡಿದ್ದೇನೆ” ಅಂದೆ. ಫೋನ್ ಇಟ್ಟುಬಿಟ್ಟ.

ಯಜಮಾನಿ

ಕೊನೆಗೆ ಗೆಳೆಯನನ್ನೇ ಗುಟ್ಟು ಕೇಳಿದೆ.

“ನಂದೇನೂ ಇಲ್ಲಪಾ, ಕಂಪನಿ ನಮ್ಮಾಕೀದು. ಎಲ್ಲಾ ಅಕೀನೇ ನೋಡ್ತಾಳ, ಅಕಿ ಹೇಳಿದ್ದು ನಾ ಮಾಡ್ತೀನಿ” ಅಂದ.

ಅವತ್ತೇ ನಮ್ಮ ಕಂಪನಿಯನ್ನೂ ನಮ್ಮವಳ ಹೆಸರಿಗೆ ಮಾಡಿದೆ. ಆದರೆ ಹೆಸರಿಗಷ್ಟೇ ಇದ್ದರೆ ಆಗದು, ಅಧಿಕಾರವೂ ಅವಳದೇ ಇರಬೇಕು. ಅದನ್ನು ಪರೀಕ್ಷಿಸಲು ಅಧಿಕಾರಿಣಿಯೊಬ್ಬರು ಮನೆಗೇ ಬಂದರು. ಬಂದವರೇ ನನ್ನನ್ನು ಅಡುಗೆಮನೆಗೆ ಕಳಿಸಿದರು. ನಾನು ಕಾಫಿ ಬೆರೆಸುತ್ತಾ ಕಿವಿಗೊಟ್ಟೆ.

“ತೀರ್ಮಾನಗಳೆಲ್ಲ ಯಾರದು?”

“ನನ್ನದು.”

“ನಿಮ್ಮ ಗಂಡ ಒಪ್ಪದಿದ್ದರೆ?”

“ಅವರು ಒಪ್ಪೋದೇ ಇಲ್ಲ. ಆಮೇಲೆ ನಾನು ಹೇಳಿದ ಹಾಗೇ ಆಗುತ್ತೆ.”

“ಎಂದಿನಿಂದ ಈ ವ್ಯವಸ್ಥೆ?”

“ಮದುವೆ ಆದಾಗಿಂದ.”

ಅಧಿಕಾರಿಣಿ ಅಲ್ಲೇ ಸಹಿ ಹಾಕಿದರು. ಹೆಂಗಸರ ಕಂಪನಿ ಅಂತ ಸರ್ಟಿಫಿಕೇಟ್ ಬಂತು, ಬೆನ್ನಿಗೇ ಬಾಸ್ಕಿಂಗ್ ರಿಡ್ಜ್‌ನ ಕಂಪನಿಯೊಂದರಿಂದ ಸಬ್‌ಕಾಂಟ್ರಾಕ್ಟೂ ಬಂತು. ಇವಳು ಬ್ರೀಫ್‌ಕೇಸ್ ಹಿಡಿದು ಮೀಟಿಂಗಿಗೆ ಹೊರಟಾಗ ನನಗೆ ಗೆಳೆಯನ ಮೇಲಿದ್ದ ಹೊಟ್ಟೆಯುರಿ ಪೂರ್ತಿ ಇವಳ ಕಡೆ ತಿರುಗಿತು. ಇರಲಿ, ಪ್ರಾಜೆಕ್ಟಿಗೆ ಪ್ರೋಗ್ರಾಮರ್ ಒಬ್ಬ ಬೇಕಲ್ಲ, ಆ ಕೆಲಸವಾದರೂ ನನ್ನದೇ ಅಂದುಕೊಂಡೆ.

ಸಂಜೆ ಬಂದವಳು, “ಪ್ರೋಗ್ರಾಮರ್ ಸಿಕ್ಕಿದ್ರು ಕಣ್ರೀ. ಧಾರವಾಡದವರು! ಅವರ ಹೆಂಡ್ತಿ ಕಂಪನಿಯ ಪ್ರಾಜೆಕ್ಟ್ ಮುಗಿದು ಇವರು ಸುಮ್ನೆ ಕೂತಿದ್ರಂತೆ” ಅಂದಳು.

ನನಗೆ ಉರಿದುಹೋಯಿತು. “ಅವನಾ? ನನ್ನಲ್ಲಿ ಇಲ್ಲದ್ದು ಅವನಲ್ಲಿ ಏನಿದೆ?”

“ಕೆಲಸದಲ್ಲಿ ಇಬ್ರೂ ಒಂದೇ. ಹೇಳಿದ್ದು ನೀವೂ ಮಾಡ್ತೀರಿ, ಅವರೂ ಮಾಡ್ತಾರೆ. ಆದ್ರೆ ಅವರು ಗೊಣಗಲ್ಲ” ಅಂದಳು ಯಜಮಾನಿ. “ನಾಳೆ ಅವರು ಸೇರ್ಕೋತಾರೆ. ಆ ಸೂಟು ಹಾಕ್ಕೊಂಡು ಬನ್ನಿ, ಸ್ವಾಗತಿಸೋ ಫೋಟೋಗೆ ಒಬ್ರು ಬೇಕು.”