ಬೀಗದಣ್ಣನ ಪರ ವಕಾಲತ್ತು

ಶಾಲೆಯ ಹೆಡ್‌ಮೇಡಂ ಟ್ರಂಕಿನಲ್ಲಿಟ್ಟಿದ್ದ ಚಿನ್ನದ ಪದಕ ಕಾಣೆಯಾದದ್ದೇ ತಡ, ಕಳ್ಳ ಯಾರೆಂದು ಬೀದಿಗೆಲ್ಲ ಗೊತ್ತಾಗಿಹೋಯಿತು. ಟ್ರಂಕನ್ನು ಯಾರೂ ಒಡೆದಿರಲಿಲ್ಲ. ಅದಕ್ಕೆ ಹಾಕಿದ್ದ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕೀಲಿಕೈ ಮೇಡಂ ಅವರ ಸೊಂಟದಲ್ಲೇ ಇತ್ತು.

“ಕೀಲಿಕೈ ಇಲ್ದೆ ಬೀಗ ತೆಗೆಯೋ ಕೈ ನಮ್ಮ ಬೀದೀಲಿ ಒಂದೇ,” ಎಂದ ಎದುರಂಗಡಿಯ ಕ್ಷೌರಿಕ, ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಕತ್ತಿಯನ್ನು ಬೀಗದಣ್ಣನ ಅಂಗಡಿಯತ್ತ ಚಾಚಿ. ಅರ್ಧ ಗಡ್ಡದವನೂ ಹೌದೆಂದು ತಲೆಯಾಡಿಸಿದ. ಕತ್ತಿ ಅಷ್ಟು ಹತ್ತಿರದಲ್ಲಿದ್ದಾಗ ಯಾರು ತಾನೇ ಇಲ್ಲವೆನ್ನುತ್ತಾರೆ?

ಬೀಗ ರಿಪೇರಿ ಮಾಡಿ, ಕಳೆದುಹೋದ ಕೀಲಿಗೆ ಬದಲಿ ಕೀಲಿ ಕಡಿದುಕೊಟ್ಟು ಬದುಕುತ್ತಿದ್ದ ಬೀಗದಣ್ಣ ಪುಕ್ಕಲು ಮನುಷ್ಯ. ಸಮವಸ್ತ್ರ ತೊಟ್ಟ ಬಸ್ ಕಂಡಕ್ಟರನ್ನು ಕಂಡರೂ ಎದ್ದು ಕೈಮುಗಿಯುವವನು. ಅಂಥವನ ಅಂಗಡಿ ಮುಂದೆ ನಿಜವಾದ ಇನ್‌ಸ್ಪೆಕ್ಟರೇ ಬಂದು ನಿಂತಾಗ ಅವನ ಮೊಣಕಾಲುಗಳು ತಿರುಪು ಕಳಚಿದ ಕುರ್ಚಿಯಂತೆ ಅಲ್ಲಾಡತೊಡಗಿದವು.

“ಹೋದ ತಿಂಗಳು ಮೇಡಂ ಬೀಗ ರಿಪೇರಿ ಮಾಡಿದ್ದು ನೀನೇ ತಾನೆ?”

“ಹೌದು ಸಾರ್. ಆದ್ರೆ ಪದಕ...”

“ಪದಕದ ವಿಷ್ಯ ನಾನಿನ್ನೂ ಎತ್ತೇ ಇಲ್ಲ. ನಿಂಗೆ ಹೇಗ್ ಗೊತ್ತಾಯ್ತು?”

ಬೆಳಗಿನಿಂದ ಇಡೀ ಬೀದಿ ಅದನ್ನೇ ಕೂಗಾಡುತ್ತಿತ್ತು. ಹಾಗೆಂದು ಹೇಳುವ ಬದಲು ಬೀಗದಣ್ಣ ಇನ್ನೊಮ್ಮೆ ಕೈಮುಗಿದ. ಅವನು ನಡುಗಿದಷ್ಟೂ ಸುತ್ತ ನಿಂತವರಿಗೆ ಅನುಮಾನ ಗಟ್ಟಿಯಾಯಿತು.

ಠಾಣೆಯ ಲಾಕಪ್ಪಿನಲ್ಲಿ ಆಗಲೇ ಒಬ್ಬ ಜೇಬುಗಳ್ಳ ಮಾವನ ಮನೆಗೆ ಬಂದವನಂತೆ ಕಾಲು ಚಾಚಿ ಮಲಗಿದ್ದ. ಬೀಗದಣ್ಣ ಮೂಲೆಗೆ ಹೋಗಿ ಮುದುಡಿ ಕುಳಿತ. ಹೆಂಡತಿಯ ತಮ್ಮ ಏದುಸಿರು ಬಿಡುತ್ತ ಬಂದು ಕಂಬಿಯಾಚೆ ನಿಂತ.

“ಭಾವ, ಒಪ್ಕೊಂಡ್ಬಿಡಿ. ಮೊದಲ ಸಲ ಅಂತ ಬೈದು ಕಳಿಸ್ತಾರೆ.”

“ಮಾಡಿಲ್ವಲ್ಲೋ!”

“ಅದು ಆಮೇಲಿನ ಮಾತು ಭಾವ. ಮೊದ್ಲು ಒಪ್ಕೊಳ್ಳಿ.”

ಇನ್‌ಸ್ಪೆಕ್ಟರ್ ಮೀಸೆ ತೀಡುತ್ತ, “ಪದಕ ಎಲ್ಲಿಟ್ಟೆ?” ಎಂದು ಗುಡುಗಿದಾಗ ಬೀಗದಣ್ಣ ಕೈಜೋಡಿಸಿ, “ನೀವೇ ಒಂದು ಜಾಗ ಹೇಳಿ ಸಾರ್, ಅಲ್ಲೇ ಇಟ್ಟೆ ಅಂತೀನಿ,” ಎಂದುಬಿಟ್ಟ.

“ಅಯ್ಯೋ ಅಣ್ಣಾ!” ಜೇಬುಗಳ್ಳ ದಡಬಡ ಎದ್ದು ಕೂತ. “ಲಾಯರನ್ನ ಕೇಳು. ಕೊಡದೆ ಬಿಡೋ ಹಾಗಿಲ್ಲ, ಕಾನೂನಿದೆ.”

ಲಾಯರು ಬೇಕೆಂದ ಬೀಗದಣ್ಣನನ್ನು ಕರೆತಂದಾಗ ಕೋರ್ಟಿನ ಅಂಗಳದಲ್ಲಿ ಆಗಲೇ ಬೀದಿಯ ಅರ್ಧ ಜನ ಸೇರಿದ್ದರು. ಕ್ಷೌರಿಕ ಎಲ್ಲರಿಗೂ ಕೇಳಿಸುವಂತೆ ನ್ಯಾಯ ತೀರ್ಮಾನಿಸುತ್ತಿದ್ದ. “ಮಾಡಿಲ್ಲ ಅಂದ್ರೆ ಲಾಯರು ಯಾಕ್ ಬೇಕು? ಮಾಡಿದ್ದಾನೆ ಅಂದ್ರೆ ಲಾಯರು ಯಾಕ್ ಕೊಡ್ಬೇಕು?” ಬೀಗದಣ್ಣನ ಹೆಂಡತಿ ಗೋಡೆಗೊರಗಿ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ಅವಳ ಪಕ್ಕದಲ್ಲಿ ನಿಲ್ಲಲು ಬೀದಿಯವರು ಯಾರೂ ಮುಂದಾಗಲಿಲ್ಲ. ಅದನ್ನು ಕಂಡು ಬೀಗದಣ್ಣನಿಗೆ ಜೈಲಿಗಿಂತ ಹೆಚ್ಚು ಭಯವಾಯಿತು.

ಕೋರ್ಟು ಅವನಿಗೆ ಕೊಟ್ಟದ್ದು ಒಬ್ಬ ಹಿರಿಯ ವಕೀಲರನ್ನು. ಮಾಸಿದ ಕೋಟು, ಅರೆಮುಚ್ಚಿದ ಕಣ್ಣು. ಅವರು ಬೀಗದಣ್ಣನ ಮುಖವನ್ನೂ ನೋಡದೆ ಎದ್ದುನಿಂತು, “ಸ್ವಾಮಿ, ನನ್ನ ಕಕ್ಷಿದಾರ ಬಡವ. ಸಂಸಾರವಂದಿಗ. ಇನ್ನು ಮುಂದೆ ಕದಿಯುವುದಿಲ್ಲವೆಂದು ಮಾತು ಕೊಡುತ್ತಾನೆ,” ಎಂದು ಕುಳಿತರು.

ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿದರು. “ಇನ್ನು ಮುಂದೆ ಕದಿಯೋದಿಲ್ಲ ಸರಿ. ಈಗ ಕದ್ದಿದ್ದಾನಾ?”

“ಅದನ್ನ ಕೇಳಿಲ್ಲ ಸ್ವಾಮಿ. ಬಿಡುವಾಗಲಿಲ್ಲ.”

ಕಟಕಟೆಯಲ್ಲಿದ್ದ ಬೀಗದಣ್ಣ ದಿಗಿಲಿನಿಂದ ವಕೀಲರತ್ತ ತಿರುಗಿದ. ತನ್ನ ಪರ ಮಾತಾಡಲು ಬಂದವರೇ ತನ್ನನ್ನು ಜೈಲಿಗೆ ತಳ್ಳುತ್ತಿದ್ದಾರಲ್ಲ!

“ನೀವು ಸುಮ್ಮನಿದ್ದಿದ್ರೆ ಆತನಿಗೆ ಇದಕ್ಕಿಂತ ಅನುಕೂಲ ಆಗ್ತಿತ್ತು,” ಎಂದರು ನ್ಯಾಯಾಧೀಶರು. “ಇವನಿಗೆ ಬೇರೆ ವಕೀಲರನ್ನ ಕೊಡಿ. ಊಟದ ನಂತರ ಮತ್ತೆ ಕೂಗಿ.”

ಬಂದವಳು ಒಬ್ಬ ತರುಣಿ. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು, ಮುಖದಲ್ಲಿ ನಗುವಿರಲಿಲ್ಲ. ಬೆಂಚಿನ ಮೇಲೆ ಅವನ ಪಕ್ಕ ಕುಳಿತು, “ಪದಕ ನೀವು ತೆಗೆದ್ರಾ?” ಎಂದು ಕೇಳಿದಳು.

ಬೆಳಗಿನಿಂದ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಬೀಗದಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಅಳು ನಿಲ್ಲುವವರೆಗೆ ಕಾದಳು. ಆಮೇಲೆ ಅಂಗಳದಲ್ಲಿ ನಿಂತಿದ್ದ ಹೆಡ್‌ಮೇಡಂ ಬಳಿ ಹೋಗಿ ಟ್ರಂಕು ಇರುವ ಕೋಣೆ ಯಾವುದು, ಯಾರು ಯಾರು ಬಂದು ಹೋಗುತ್ತಾರೆ ಎಂದು ವಿಚಾರಿಸಿದಳು. ಕ್ಷೌರಿಕ ತಡೆಯಲಾರದೆ, “ಕಳ್ಳರಿಗೆಲ್ಲ ಹೀಗೆ ವಾದ ಮಾಡಿದ್ರೆ ಹೇಗಮ್ಮ?” ಎಂದ.

“ಕಳ್ಳನಿಗೂ ವಾದ ಮಾಡ್ಬೇಕು ಸ್ವಾಮಿ. ಇಲ್ದಿದ್ರೆ ಕಳ್ಳ ಅಲ್ಲದವನು ಯಾರು ಅಂತ ಹೇಗೆ ಗೊತ್ತಾಗೋದು?”

ಇನ್‌ಸ್ಪೆಕ್ಟರ್ ವಶಪಡಿಸಿಕೊಂಡಿದ್ದ ಬೀಗವನ್ನು ಅಪ್ಪಣೆ ಪಡೆದು ಅತ್ತ ಇತ್ತ ತಿರುಗಿಸಿ ನೋಡಿದಳು. ಮರಳಿ ಬಂದಾಗ ಅವಳ ಮುಖದಲ್ಲಿ ಏನೋ ಮುಜುಗರ.

“ನೋಡಿ, ನಿಮ್ಮನ್ನ ಬಿಡಿಸೋ ದಾರಿ ಸಿಕ್ಕಿದೆ. ಆದ್ರೆ ನಿಮಗೆ ಬೇಜಾರಾಗುತ್ತೆ. ಮನೆಗೆ ಹೋಗೋದು ಮುಖ್ಯವೋ, ಕಸುಬಿನ ಹೆಸರು ಮುಖ್ಯವೋ?”

ಬೀಗದಣ್ಣನಿಗೆ ಅರ್ಥವಾಗಲಿಲ್ಲ. ಗೋಡೆಗೊರಗಿದ್ದ ಹೆಂಡತಿಯನ್ನು ನೋಡಿ, “ಮನೆ,” ಎಂದ.

ಕಲಾಪ ಮತ್ತೆ ಶುರುವಾಯಿತು. ಲಾಯರಮ್ಮ ಬೀಗವನ್ನು ಇನ್‌ಸ್ಪೆಕ್ಟರ್ ಕೈಗಿತ್ತು, “ಭದ್ರವಾಗಿ ಹಾಕಿ,” ಎಂದಳು. ಅವರು ಹಾಕಿದರು. ಅವಳು ಎರಡು ಬೆರಳಲ್ಲಿ ಹಿಡಿದು ಎಳೆದಳು. ಟಕ್ ಎಂದು ಬಾಯಿಬಿಟ್ಟಿತು. ಗುಮಾಸ್ತನಿಗೆ ಕೊಟ್ಟಳು, ಟಕ್. ನ್ಯಾಯಾಧೀಶರೂ ಕೈಚಾಚಿ ತರಿಸಿಕೊಂಡು ಎಳೆದರು, ಟಕ್.

“ಸ್ವಾಮಿ, ಈ ಬೀಗ ತೆಗೆಯೋಕೆ ಜಾಣತನ ಬೇಕಿಲ್ಲ, ಎರಡು ಬೆರಳಿದ್ರೆ ಸಾಕು. ಹಾಗಿರುವಾಗ ನನ್ನ ಕಕ್ಷಿದಾರನ ಮೇಲೇ ಅನುಮಾನ ಯಾಕೆ? ಅವನು ಮಾಡಿರೋ ತಪ್ಪು ಒಂದೇ, ಈ ರಿಪೇರಿ.”

ಕೋರ್ಟು ಗೊಳ್ಳೆಂದಿತು. “ಸ್ವಾಮಿ, ಹಾಗೆ ಎಳೆದ್ರೆ ಯಾವ ಬೀಗ ತಾನೇ...” ಎಂದು ಬೀಗದಣ್ಣ ರೋಷದಿಂದ ಬಾಯಿ ತೆರೆದ. ಲಾಯರಮ್ಮ ಒಮ್ಮೆ ದುರುಗುಟ್ಟಿ ನೋಡಿದಳು. ಬಾಯಿ ಮುಚ್ಚಿಕೊಂಡ.

“ಇವನನ್ನ ಹಿಡಿದಿಡೋಕೆ ಕಾರಣ ಕಾಣಿಸ್ತಿಲ್ಲ. ಬಿಟ್ಟುಬಿಡಿ. ಪದಕವನ್ನ ಸರಿಯಾಗಿ ಹುಡುಕಿ,” ಎಂದರು ನ್ಯಾಯಾಧೀಶರು.

ಹೊರಗೆ ಬಂದಾಗ ಹೆಂಡತಿ ಅವನ ತೋಳು ಹಿಡಿದುಕೊಂಡಳು. ಬೀದಿಯವರಿಗೆ ಈಗ ಬೇರೆಯೇ ಚಿಂತೆ ಹತ್ತಿತ್ತು. “ನಮ್ಮನೆ ಬಾಗಿಲ ಬೀಗಾನೂ ಇವನೇ ಕಣ್ರೀ ರಿಪೇರಿ ಮಾಡಿದ್ದು!” ಎಂದು ಕ್ಷೌರಿಕ ಕಿರುಚಿ ಮನೆಯತ್ತ ಓಡಿದ. ಅವನ ಹಿಂದೆ ಉಳಿದವರೂ ಓಡಿದರು. ನಾಳೆಯಿಂದ ಅಂಗಡಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲವೆಂದು ಬೀಗದಣ್ಣನಿಗೆ ತಿಳಿಯಿತು. ಹೋಗಲಿ, ಜೀವ ಉಳಿಯಿತಲ್ಲ. ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರೆಳೆದುಕೊಂಡ.

ಅಷ್ಟರಲ್ಲಿ ಒಬ್ಬ ಪೇದೆ ಟೋಪಿ ಕೈಯಲ್ಲಿ ಹಿಡಿದು ಓಡೋಡಿ ಬಂದು ಇನ್‌ಸ್ಪೆಕ್ಟರ್ ಮುಂದೆ ನಿಂತ.

“ಸಾರ್, ಜೇಬುಗಳ್ಳ ಪರಾರಿ!”

“ಲಾಕಪ್ ಒಡೆದನಾ?”

“ಇಲ್ಲ ಸಾರ್. ಕೋರ್ಟಲ್ಲಿ ಆದದ್ದನ್ನ ನಾವು ಠಾಣೇಲಿ ಹೇಳ್ಕೊಂಡು ನಗ್ತಾ ಇದ್ವಿ. ಅವನೂ ಕೇಳಿಸ್ಕೊಂಡಿದ್ದಾನೆ. ಕಂಬಿ ಸಂದಿಯಿಂದ ಕೈ ಹಾಕಿ ಬೀಗ ಎಳೆದನಂತೆ, ಅಷ್ಟೆ.”

ಇನ್‌ಸ್ಪೆಕ್ಟರ್ ನಿಧಾನವಾಗಿ ತಿರುಗಿದರು. “ನಮ್ಮ ಲಾಕಪ್ ಬೀಗ ರಿಪೇರಿ ಮಾಡಿದ್ದು ಯಾರು?”

ಬೀಗದಣ್ಣ ಉತ್ತರ ಹೇಳುವ ಅಗತ್ಯವೇ ಇರಲಿಲ್ಲ, ಅವನ ಮೊಣಕಾಲುಗಳೇ ಹೇಳುತ್ತಿದ್ದವು. ಆರೋಪಿಯನ್ನು ತಪ್ಪಿಸಿಕೊಂಡು ಹೋಗಲು ಬಿಟ್ಟ ಅಪರಾಧಕ್ಕೆ ಎಷ್ಟು ವರ್ಷವೆಂದು ಪೇದೆ ಉತ್ಸಾಹದಿಂದ ಹೇಳತೊಡಗಿದ. ಇನ್‌ಸ್ಪೆಕ್ಟರ್ ಬೀಗದಣ್ಣನ ಹೆಗಲ ಮೇಲೆ ಕೈಯಿಟ್ಟರು.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಲಾಯರಮ್ಮ ನಿಟ್ಟುಸಿರುಬಿಟ್ಟು ಕೆಳಗಿಳಿದಳು. ತೋಳಿನ ಮೇಲಿದ್ದ ಕರಿಕೋಟನ್ನು ಮತ್ತೆ ಹಾಕಿಕೊಳ್ಳುತ್ತ ದೂರದಿಂದಲೇ ಕೂಗಿದಳು:

“ಬೀಗದಣ್ಣ, ನಾನು ಬರೋವರೆಗೂ ಬಾಯಿ ತೆಗೀಬೇಡಿ!”